ನಾಲ್ಕನೆಯ ಟೊಪಗಿ

"ಇದು ಕೂಸಿನ ತಲಿಗಿ ಹೋಗಂಗಿಲ್ರಿ ಅಕ್ಕೋರ!"

ಸಂತಪುರದಲ್ಲಿ ಬಸ್ಸು ಹತ್ತಿ ಪಕ್ಕದಲ್ಲಿ ಕೂತ ಕುರಿಗಾರರ ಮುದುಕಿ, ನಾನು ಹೆಣೆಯುತ್ತಿದ್ದ ಉಣ್ಣೆಯ ಟೊಪಗಿಯನ್ನು ಕೈಯಿಂದ ಕಸಿದುಕೊಂಡೇ ಬಿಟ್ಟಳು.

ನನಗೆ ರೇಗಿತು. ಮಗಳು ದಿನ ತುಂಬುವ ಮೊದಲೇ ಹೆತ್ತು, ಮೊಮ್ಮಗ ಬೀದರಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದ್ದ. ಔರಾದಿನಿಂದ ದಿನವೂ ಓಡಾಟ. ಚಳಿಗಾಲ ಮುಗಿಯುತ್ತ ಬಂದರೂ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಇದು ನಾಲ್ಕನೆಯ ಟೊಪಗಿ. ಮೊದಲ ಮೂರನ್ನೂ ನರ್ಸಮ್ಮ "ಬಿಗಿ ಆಗ್ತಾವ್ರಿ" ಅಂತ ವಾಪಸ್ ಕೊಟ್ಟಿದ್ದರು.

ಮುದುಕಿ ಹೆಣಿಗೆಯೊಳಗೆ ಬೆರಳು ತೂರಿಸಿ ನೋಡಿದಳು. "ಬಾಯಿ ಮುಚ್ಕೊಂಡು ಹೆಣದೀರಿ, ಅದಕ್ಕೇ ಕೈ ಬಿಗಿ ಬಂದದ. ನಾವು ಕುರಿ ತುಪ್ಪಟ ಹಾಡ್ಕೋತನೇ ನೂಲ್ತೇವಿ. ನಿಮಗ ಜೋಗುಳ ಬರಂಗಿಲ್ಲೇನ್ರಿ?"

ಬರುತ್ತಿತ್ತು. ಪ್ರತಿ ಭಾನುವಾರ ಚರ್ಚಿನಲ್ಲಿ ಹಾಡುವವಳು ನಾನು. ಆದರೆ ಕೂಸು ಮನೆಗೆ ಬರುವ ತನಕ ಜೋಗುಳ ಹಾಡಬಾರದೆಂದು ಹೆದರಿ ನುಂಗಿಕೊಂಡಿದ್ದೆ. ಅವಳೇ ಸಣ್ಣ ದನಿಯಲ್ಲಿ ಶುರು ಮಾಡಿದಳು. ನಾನು ಹೆಣೆದದ್ದನ್ನೆಲ್ಲ ಬಿಚ್ಚಿದೆ. ಅವಳ ದನಿಯ ಹಿಂದೆಯೇ ಹಾಡುತ್ತ, ಬೀದರ್ ಬರುವ ತನಕ ಹೊಸದಾಗಿ ಹೆಣೆದೆ.

ಆ ಟೊಪಗಿ ಈಗ ಎಷ್ಟು ಸಡಿಲವೆಂದರೆ ಕೂಸಿನ ಕಣ್ಣೇ ಮುಚ್ಚುತ್ತದೆ. ಅವನಿನ್ನೂ ಪೆಟ್ಟಿಗೆಯಲ್ಲೇ ಇದ್ದಾನೆ. ಬಿಚ್ಚಿ ಸಣ್ಣದು ಮಾಡಿರೆಂದು ನರ್ಸಮ್ಮ ಹೇಳಿದರು. ನಾನು ಒಲ್ಲೆ ಅಂದೆ. ಟೊಪಗಿ ಹಾಗೇ ಇರಲಿ, ಅವನೇ ಬೆಳೆಯಲಿ.