ಹಾಲು ಕುಡಿಯುವ ಮರಿಗೂ ಸುಂಕ

ತಮಿಳು ಸೀಮೆಯ ಮೇಚೇರಿ ಸುತ್ತಿನ ಒಂದು ಕುರಿ ಸಂತೆಯ ಮಾತು ಇದು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ನನ್ನ ಹಗ್ಗದ ಅಂಗಡಿಗೆ ಅಲ್ಲಿ ಜಾಗ ಇರುವುದಿಲ್ಲ. ಆದರೆ ಪಾಪಾತಿಯ ಹೆಸರು ಹೇಳಿಯೇ ಹೇಳುತ್ತೇನೆ. ಆಕೆಗೆ ಆದದ್ದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಪಾಪಾತಿ ಮದುವೆಯಾಗಿ ಬಂದಾಗಿನಿಂದ ಕುರಿ ಸಾಕಿದವಳು. ಗಂಡ ಮಾದಯ್ಯ ಹೋದ ಮೇಲೂ ಹಟ್ಟಿ ಖಾಲಿ ಮಾಡಲಿಲ್ಲ. ಆ ಕುರಿಗಳಿಂದಲೇ ಮಗ ಸೆಲ್ವಕುಮಾರನನ್ನು ಓದಿಸಿದಳು. ಬಾಯಿ ಜೋರು, ಆದರೆ ಸುಂಕ ಕೊಡಲು ಒಲ್ಲೆ ಎಂದವಳಲ್ಲ. ಗೇಟಿನಲ್ಲಿ ತಲೆಗಿಷ್ಟು ಎಂದು ಕೇಳಿದ್ದನ್ನು ಕೊಟ್ಟು, ಒಳಗೆ ನೀರಿಲ್ಲ, ನೆರಳಿಲ್ಲ ಎಂದು ಬೈದುಕೊಂಡೇ ಕುರಿ ಮಾರಿ ಹೋಗುತ್ತಿದ್ದಳು. ಅವಳ ಅತ್ತೆಯ ಕಾಲದಿಂದಲೂ ಅಲ್ಲಿ ಒಂದು ರೂಢಿ: ತಾಯಿಯ ಹಾಲು ಕುಡಿಯುವ ಮರಿಗೆ ಸುಂಕವಿಲ್ಲ. ಮರಿಯಿಲ್ಲದೆ ತಾಯಿಯನ್ನು ಯಾರೂ ಕೊಳ್ಳುವುದಿಲ್ಲ, ಎರಡೂ ಸೇರಿ ಒಂದೇ ವ್ಯಾಪಾರ.

ಹೋದ ವರ್ಷ ಸುಧಾರಣೆ ಬಂತು. ಕೃಷ್ಣಪ್ರಸಾದ್ ಎಂಬ ಅಧಿಕಾರಿ ಜೀಪಿನಲ್ಲಿ ಬಂದು, ಸಂತೆಯ ಆದಾಯ ಸೋರಿಹೋಗುತ್ತಿದೆ, ಇನ್ನು ಎಲ್ಲಕ್ಕೂ ಮೆಷಿನ್ ರಸೀದಿ ಎಂದು ಭಾಷಣ ಮಾಡಿದರು. ನಾವೂ ಚಪ್ಪಾಳೆ ತಟ್ಟಿದೆವು. ಸೋರುತ್ತಿದ್ದದ್ದು ಎಲ್ಲಿ ಎಂದು ಕಣ್ಣಿದ್ದವರಿಗೆಲ್ಲ ಗೊತ್ತಿತ್ತು. ಕೊಂಡವರೂ ಸುಂಕ ಕಟ್ಟಬೇಕೆಂಬುದು ನಿಯಮ. ದೊಡ್ಡ ವ್ಯಾಪಾರಿಗಳ ಲಾರಿಗಳು ಮಾತ್ರ ಕುರಿ ತುಂಬಿಕೊಂಡು, ಒಂದು ಚೀಟಿಯೂ ಇಲ್ಲದೆ ಹಿಂದಿನ ಗೇಟಿನಿಂದ ಹೋಗುತ್ತಿದ್ದವು. ಮೆಷಿನ್ ಆ ಗೇಟಿಗೆ ಬರಲೇ ಇಲ್ಲ. ಕುರಿಯವರು ನಡೆದು ಬರುವ ಮುಂದಿನ ಗೇಟಿಗೆ ಬಂತು.

ಆ ವಾರವೇ ಪಾಪಾತಿ ಒಂದು ತಾಯಿಕುರಿ ಮತ್ತು ಅದರ ಎಳೆಮರಿಯೊಂದಿಗೆ ಬಂದಳು. ವಸೂಲಿಗೆ ಕೂತಿದ್ದ ಭೂಪತಿ ಎರಡು ತಲೆಯ ದುಡ್ಡು ಕೇಳಿದ.

"ಆಲು ಕುಡಿಯೋ ಮರಿಗೆ ಯಾವತ್ತಪ್ಪಾ ಸುಂಕ ಐತೆ?" ಎಂದಳು ಪಾಪಾತಿ.

"ಮೆಷಿನ್‌ನಾಗೆ ಮರಿ ಅನ್ನೋ ಬಟನ್ನೇ ಇಲ್ಲ ಅಕ್ಕಾ. ತಲೆ ಅಂದ್ರೆ ತಲೆ. ನಾ ಎನ್ನ ಪಣ್ಣಟ್ಟುಂ, ನಾನೇನ್ ಮಾಡ್ಲಿ?"

"ಬಟನ್ ಇಲ್ದಿದ್ರೆ ಆಕಿಸ್ಕೊಂಡ್ ಬಾ ಓಗು. ಇಂದ್ಗಡೆ ಲಾರಿ ಓಯ್ತವಲ್ಲ, ಅವುಕ್ಕೂ ಬಟನ್ ಇಲ್ವಾ?"

ಭೂಪತಿಯ ಮುಖ ಕೆಂಪಾಯಿತು. ತಾಯಿಯ ದುಡ್ಡು ಇಸಿದುಕೊಂಡು, ಮರಿಯನ್ನು ಗೇಟಿನ ಕಂಬಕ್ಕೆ ಕಟ್ಟಿ, ತಾಯಿಯನ್ನು ಒಳಕ್ಕೆ ದಬ್ಬಿದ. ದುಡ್ಡು ಕೊಟ್ಟು ಬಿಡಿಸಿಕೋ ಎಂದ.

ಇಪ್ಪತ್ತು ರೂಪಾಯಿ. ನಾನೇ ಕೊಡಲು ಹೋದೆ, ಬೇಡ ಎಂದಳು. "ಇವತ್ತು ನಾ ಕೊಟ್ರೆ ನಾಳೆ ಎಲ್ರೂ ಕೊಡ್ಬೇಕು." ಗೇಟಿನ ಮುಂದೆ ಬಿಸಿಲಲ್ಲೇ ಕೂತಳು. ಒಳಗೆ ತಾಯಿ, ಹೊರಗೆ ಮರಿ ಒಂದೇ ಸಮನೆ ಅರಚುತ್ತಿದ್ದವು. ಮರಿ ತಂದವರೆಲ್ಲ ಒಬ್ಬೊಬ್ಬರಾಗಿ ಅವಳ ಪಕ್ಕ ಬಂದು ಕೂತರು. ಭೂಪತಿ ಫೋನ್ ಹಿಡಿದು ಅತ್ತಿಂದಿತ್ತ ಓಡಾಡತೊಡಗಿದ. ಗೆದ್ದೆವು ಎಂದೇ ನನಗೆ ಅನಿಸಿತ್ತು.

ಸುದ್ದಿ ಕೇಳಿ ಸೆಲ್ವಕುಮಾರ ಕೆಲಸ ಬಿಟ್ಟು ಓಡಿಬಂದ. ಮರಿ ನಾಲಿಗೆ ಚಾಚಿ ಬಿದ್ದಿದ್ದನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ. ಅವ್ವನಿಗೆ ಹೇಳದೆ ಫೋನಿನಲ್ಲಿ ದುಡ್ಡು ಕಳಿಸಿಬಿಟ್ಟ. ಮೆಷಿನ್ ಚೀಟಿ ಉಗುಳಿತು, ಭೂಪತಿ ಮರಿಯನ್ನು ಬಿಚ್ಚಿದ. ಕೂತಿದ್ದವರು ಪಾಪಾತಿಯ ಮುಖ ನೋಡಿದರು. ಆಮೇಲೆ ಎದ್ದು, ತಮ್ಮ ಮರಿಗಳಿಗೂ ದುಡ್ಡು ಕಟ್ಟಿ ಒಳಗೆ ಹೋದರು.

ಮುಂದಿನ ವಾರ ಕೃಷ್ಣಪ್ರಸಾದ್ ಮತ್ತೆ ಬಂದರು. ಜನ ತಾವಾಗಿಯೇ ಮರಿಗೂ ಸುಂಕ ಕಟ್ಟುತ್ತಿದ್ದಾರೆ, ಮೊದಲು ಕಟ್ಟಿದ್ದು ಪಾಪಾತಿ ಎಂಬ ತಾಯಿ ಎಂದು ಮೈಕಿನಲ್ಲಿ ಹೊಗಳಿ, ಅವಳನ್ನು ಕರೆದು ಶಾಲು ಹೊದಿಸಿದರು. ಇಂಥ ನಾಚಿಕೆಗೆಟ್ಟ ಸನ್ಮಾನವನ್ನು ನಾನು ಎಲ್ಲೂ ಕಂಡಿಲ್ಲ. ಅವಳ ಜೊತೆ ಬಂದಿದ್ದ ಸೆಲ್ವಕುಮಾರ ತಲೆ ತಗ್ಗಿಸಿದ.

ಪಾಪಾತಿ ಶಾಲನ್ನು ತೆಗೆದು ಅಧಿಕಾರಿಯ ಹೆಗಲಿಗೇ ಹಾಕಿದಳು. ಮೈಕು ಎದುರಿಗೇ ಇತ್ತು.

"ಅದು ಸುಂಕ ಅಲ್ಲ ಸಾಮಿ. ನೀವು ಆಲು ಕುಡಿಯೋ ಕೂಸ್ನ ಬಿಸಿಲಾಗೆ ಕಟ್ಟಾಕಿದ್ರಿ, ನನ್ ಮಗ ಬಿಡಿಸ್ಕೊಂಡ."

ಯಾರೋ ಮೈಕ್ ಆರಿಸಿದರು. ಅಷ್ಟರಲ್ಲಿ ಸಂತೆಗೆಲ್ಲ ಕೇಳಿಸಿಯಾಗಿತ್ತು. ಆದರೂ ಮರಿಗಳ ಸುಂಕ ಇವತ್ತಿಗೂ ನಿಂತಿಲ್ಲ.