ಸಂಶೋಧನೆಗೆ ಹೋದ ಹೊಲಿಗೆ ಮಷೀನು

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಎಂದಿದ್ದೇ ತಡ, ಟೈಲರಮ್ಮನ ಬೆನ್ನುನೋವಿಗೆ ಅತ್ತೆ ಮೈಗಳ್ಳತನ ಎಂದು ಹೆಸರಿಟ್ಟರು. ಟೈಲರಮ್ಮ ನೆಟ್ಟಗೆ ನೋವಿನ ಸಂಶೋಧನೆ ನಡೆಯುವ ಆಸ್ಪತ್ರೆಗೆ ಹೋಗಿ ಹೆಸರು ಬರೆಸಿದಳು. ಅಲ್ಲಿ ಬೆನ್ನಿಗೆ ತಂತಿ ಅಂಟಿಸಿ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದರು. ಸ್ನಾಯುವಿನ ಬಿಗಿತ ತೋರಿಸುವ ಪರದೆಯ ಮೇಲಿನ ಗೆರೆ ಅಲುಗಲೇ ಇಲ್ಲ.

"ಹೀಗೆ ನೆಂಟರ ಥರ ಕೂತ್ರೆ ಬೆನ್ನು ಯಾಕೆ ನೋಯುತ್ತೆ ಡಾಕ್ಟ್ರೇ?" ಎಂದು ಸಿಡುಕಿ ಎದ್ದುಹೋದವಳು, ಮರುದಿನ ತನ್ನ ಹೊಲಿಗೆ ಮಷೀನನ್ನೂ ಕುಂಟು ಸ್ಟೂಲನ್ನೂ ಆಟೋದಲ್ಲಿ ಹೇರಿಕೊಂಡು ಬಂದಳು. ಮತ್ತೆ ತಂತಿ ಅಂಟಿಸಿಕೊಂಡು ಅಂಗಿಯ ಒಂದು ತೋಳು ಹೊಲಿಯುವಷ್ಟರಲ್ಲಿ ಗೆರೆ ಎಗರಾಡಿತು.

"ಸ್ನಾಯು ಹೇಗೆ ಬಿಗೀತಿದೆ ನೋಡಿ! ಎಕ್ಸ್‌ರೇ ಮೂಳೆ ತೋರಿಸುತ್ತಮ್ಮ, ನೋವನ್ನಲ್ಲ. ನಾಳೆನೂ ಬನ್ನಿ," ಎಂದರು ಡಾಕ್ಟರು.

ಮನೆಯಲ್ಲಿ ಅತ್ತೆ ಕೆಂಡವಾದರು. "ನಾಳೆನೂ ಹೋದ್ರೆ ಮನೆಕೆಲಸ ಯಾರು ಮಾಡ್ತಾರೆ?"

"ಬೆನ್ನು ನೋಯದೇ ಇರೋರು ಮಾಡ್ತಾರೆ ಅತ್ತೆ," ಎಂದು ಪೊರಕೆಯನ್ನು ಅವರ ಕೈಗಿಟ್ಟಳು.