ಡೀಸೆಲ್ ಉಳಿಸುವ ಮದುಮಗ

ವಾಹನ ಓಡಿಸುವ ವಿದ್ಯೆ ನನಗೆ ಒಲಿಯಲಿಲ್ಲ. ಹಾಗಿದ್ದೂ ಡ್ರೈವರನ ಪಕ್ಕದಲ್ಲಿ ಕುಳಿತ ಕೂಡಲೇ ನನ್ನ ಬಲಗಾಲು ಲೈಸೆನ್ಸ್ ಪಡೆದವರ ಗತ್ತಿನಲ್ಲಿ ಕೆಲಸ ಶುರುಮಾಡುತ್ತದೆ. ತಿರುವು ಬಂದರೆ ಇಲ್ಲದ ಬ್ರೇಕನ್ನು ಒತ್ತುತ್ತದೆ. ನೇರ ರಸ್ತೆ ಕಂಡರೆ ಇಲ್ಲದ ಎಕ್ಸಿಲರೇಟರನ್ನು ತುಳಿಯುತ್ತದೆ. "ನೀವು ಹೀಗೆ ತುಳಿದರೆ ಬಸ್ಸಿನ ತಗಡು ತೂತಾಗ್ತದೆ" ಎಂದು ನನ್ನ ಹೆಂಡತಿ ಗದರುವುದುಂಟು. ನನ್ನ ಕಾಲಿಗೆ ಇಷ್ಟು ಧೈರ್ಯ ಬರಲು ಕಾರಣ ಬೇರೇನಲ್ಲ, ಡೀಸೆಲಿನ ಖರ್ಚು ನನ್ನದಲ್ಲ. ಆ ಖರ್ಚು ತನ್ನದೇ ಆದಾಗ ಮನುಷ್ಯನ ಕಾಲು ಎಷ್ಟು ವಿನಯದಿಂದ ನಡೆದುಕೊಳ್ಳುತ್ತದೆ ಎಂಬುದನ್ನು ನಾನು ಕಂಡದ್ದು ಸಂಜೀವನ ಲಾರಿಯಲ್ಲಿ.

ಅರವತ್ತರ ದಶಕದ ಮಾತು. ನಾನು ಮೂಡುಬಿದಿರೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ, ಮನೆ ಬಂಟ್ವಾಳದ ಪಕ್ಕದ ಪಾಣೆಮಂಗಳೂರಿನಲ್ಲಿ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಊರಿಗೆ ಹೊರಟರೆ ಬಸ್ಸು ಯಾವಾಗ ಬರುತ್ತದೆಂದು ಬಸ್ಸಿನವರಿಗೇ ಗೊತ್ತಿರುತ್ತಿರಲಿಲ್ಲ. ಆಗ ನನ್ನ ಪಾಲಿಗೆ ಒದಗಿದ್ದು ಸಂಜೀವ ಓಡಿಸುವ ಈ ಲಾರಿ. ಬಂಟ್ವಾಳದಿಂದ ಹಂಚು ಹೇರಿಕೊಂಡು ಮೂಡುಬಿದಿರೆಗೆ ಬಂದು, ಇಳಿಸಿ, ಖಾಲಿಯಾಗಿ ವೇಣೂರು, ಗುರುವಾಯನಕೆರೆ ಸುತ್ತಿ ಹಿಂದೆ ಹೋಗುತ್ತಿತ್ತು. ದಾರಿಯಲ್ಲಿ ಅಕ್ಕಿ ಮುಡಿಯೋ ಅಡಿಕೆ ಮೂಟೆಯೋ ಸಿಕ್ಕಿದರೆ ಹಾಕಿಕೊಳ್ಳಲು ಆ ಸುತ್ತು. ಏನೂ ಸಿಗದಿದ್ದರೆ ನಾನಿದ್ದೆ.

ಲಾರಿ ಹಸನಬ್ಬ ಸಾಹುಕಾರರದ್ದು. ಅವರಿಗೆ ಎರಡು ಲಾರಿಗಳಿದ್ದವು, ಇಬ್ಬರು ಡ್ರೈವರುಗಳು, ಮತ್ತು ಒಂದೇ ಕಾನೂನು. ಟ್ರಿಪ್ಪಿಗೆ ಇಷ್ಟು ಡೀಸೆಲ್ ಎಂದು ಅಳೆದು ಕೊಡುವುದು. ಅದರಲ್ಲಿ ಉಳಿಸಿದರೆ ಉಳಿದದ್ದರ ಬೆಲೆ ಡ್ರೈವರನಿಗೆ. ಸಾಲದೆ ಹೋದರೆ ಅವನ ಸಂಬಳದಿಂದ ಮುರಿತ. ಇನ್ನೊಬ್ಬ ಡ್ರೈವರು ವಿಕ್ಟರನಿಗೆ ಈ ಉಳಿತಾಯದ ಸಹವಾಸವೇ ಬೇಡವಾಗಿತ್ತು. ಅವನು ಹಾರಿಸಿಕೊಂಡು ಹೋಗಿ, ಒಂದು ಟ್ರಿಪ್ಪಿನ ಹೊತ್ತಿನಲ್ಲಿ ಎರಡು ಮುಗಿಸಿ, ಎರಡರ ಭತ್ಯೆ ಎಣಿಸಿಕೊಳ್ಳುತ್ತಿದ್ದ. ಡೀಸೆಲಿಗೆಂದು ಸಂಬಳ ಮುರಿದಾಗ ಸಾಹುಕಾರರನ್ನು ಬೈಯುತ್ತಿದ್ದ. ಸಂಜೀವ ನಿಧಾನಕ್ಕೆ ಹೋಗಿ, ಭತ್ಯೆ ಕಳೆದುಕೊಂಡು, ಡೀಸೆಲ್ ಉಳಿಸುತ್ತಿದ್ದ. ತಮಾಷೆ ಏನೆಂದರೆ ತಿಂಗಳ ಕೊನೆಗೆ ಇಬ್ಬರ ಕೈಗೂ ಬರುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ಮೊತ್ತ. ಇದನ್ನು ಇಬ್ಬರಿಗೂ ತಿಳಿಸುವ ಉತ್ಸಾಹ ನನಗೆ ಒಮ್ಮೆ ಬಂದದ್ದುಂಟು. ಆದರೆ ಇಬ್ಬರೂ ತಾನೇ ಬುದ್ಧಿವಂತ ಎಂದುಕೊಂಡು ಸುಖವಾಗಿದ್ದರು, ನಾನು ಬಾಯಿ ಮುಚ್ಚಿಕೊಂಡೆ.

ಸಂಜೀವನ ಉಳಿತಾಯದ ರೀತಿಯನ್ನು ನೋಡಬೇಕಿತ್ತು. ಇಳಿಜಾರು ಬಂತೆಂದರೆ ಎಂಜಿನ್ ಬಂದ್. ಆಮೇಲೆ ಲಾರಿ ಭೂಮಿತಾಯಿಯ ಖರ್ಚಿನಲ್ಲಿ ಇಳಿಯುತ್ತಿತ್ತು. ಬ್ರೇಕ್ ಹಾಕುವುದೆಂದರೆ ಅವನಿಗೆ ಕರುಳು ಹಿಂಡಿದ ಹಾಗೆ. ಅಷ್ಟು ದೂರ ಡೀಸೆಲ್ ಸುಟ್ಟು ಗಳಿಸಿದ ಓಟವನ್ನು ಒಂದು ಕೋಳಿಗಾಗಿ ಯಾಕೆ ಕಳೆಯಬೇಕು ಎಂಬ ವಾದ. ಹಾಗಾಗಿ ಅರ್ಧ ಫರ್ಲಾಂಗು ಮೊದಲೇ ಹಾರ್ನ್ ಒತ್ತಿ ಕೋಳಿಗೆ ಸಾಕಷ್ಟು ಕಾಲಾವಕಾಶ ಕೊಡುತ್ತಿದ್ದ. ದಾರಿಯಲ್ಲಿ ಕೈ ತೋರಿಸಿದವರು ಜೊತೆಯಲ್ಲೇ ಓಡಿ ಹತ್ತಬೇಕು. ಚಹಾ ಕುಡಿಯುವುದೂ ಹಾಗೆಯೇ. ರುಚಿಯಾದ ಚಹಾದ ಹೋಟೆಲು ಇಳಿಜಾರಿನ ನಡುವೆ ಇತ್ತು. ಅಲ್ಲಿ ನಿಲ್ಲಿಸಲು ಬ್ರೇಕ್ ಬೇಕು. ಲಾರಿ ಉರುಳಿ ಉರುಳಿ ತಾನಾಗಿಯೇ ನಿಲ್ಲುವಲ್ಲಿ ಒಂದು ಗುಡಿಸಲು ಹೋಟೆಲಿತ್ತು. ಅದರ ಚಹಾ ಪಾತ್ರೆ ತೊಳೆದ ನೀರನ್ನು ನೆನಪಿಸುವಂಥದ್ದು. ನಾವು ಕುಡಿದದ್ದು ವರ್ಷಗಟ್ಟಲೆ ಅದನ್ನೇ.

ನಮ್ಮ ಪುರಾಣಗಳಲ್ಲಿ ರಥ ಓಡಿಸುವವರಿಗೆ ಬರವಿಲ್ಲ. ಗಾಳಿಯ ವೇಗ, ಮನಸ್ಸಿನ ವೇಗ ಎಂದೆಲ್ಲ ಹೊಗಳಿದ್ದೇ ಹೊಗಳಿದ್ದು. ಕುದುರೆಯ ಹುರುಳಿ ಯಾರ ಲೆಕ್ಕದಲ್ಲಿ ಎಂದು ಮಾತ್ರ ಯಾವ ಋಷಿಯೂ ಬರೆದಿಲ್ಲ. ಬಹುಶಃ ಹುರುಳಿ ರಾಜನದ್ದೇ ಇದ್ದಿರಬೇಕು, ಇಲ್ಲದಿದ್ದರೆ ಅವರು ಆ ವೇಗದಲ್ಲಿ ಓಡಿಸುತ್ತಿರಲಿಲ್ಲ. ಸಾರಥಿಗೆ ಅಳೆದು ಕೊಟ್ಟಿದ್ದರೆ ಎಷ್ಟೋ ಯುದ್ಧಗಳು ರಥ ರಣರಂಗಕ್ಕೆ ಮುಟ್ಟುವ ಮೊದಲೇ ರಾಜಿಯಲ್ಲಿ ಮುಗಿಯುತ್ತಿದ್ದವೋ ಏನೋ.

ಇಷ್ಟೆಲ್ಲ ಉಳಿಸುವ ಸಂಜೀವನಿಗೆ ಉಳಿದಿದ್ದ ಒಂದು ಚಿಂತೆ ಮದುವೆಯದ್ದು. ಆ ಕಾಲದಲ್ಲಿ ಲಾರಿ ಡ್ರೈವರನೆಂದರೆ ಹೆಣ್ಣು ಹೆತ್ತವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಮೂರು ಕಡೆ ಮಾತು ಮುರಿದಿತ್ತು. ತಂದೆತಾಯಿ ಇಲ್ಲದವನು, ಕೇಳಲು ಹೋಗುವ ಹಿರಿಯರೂ ಇರಲಿಲ್ಲ. ಅವನ ಪರವಾಗಿ ವೇಣೂರಿನ ಒಂದು ಮನೆಯಲ್ಲಿ ನಾನೇ ಪ್ರಸ್ತಾಪ ಎತ್ತಿದೆ. ಹುಡುಗಿ ಗಿರಿಜ. ಅಳಿಯಸಂತಾನದ ಮನೆ, ಅಲ್ಲಿ ತಂದೆಗಿಂತ ತಾಯಿಯ ಅಣ್ಣನ ಮಾತು ಗಟ್ಟಿ. ಆ ಸೋದರಮಾವ ಅಣ್ಣು ಪೂಜಾರಿ ನನ್ನ ಮಾತಿಗೆಲ್ಲ ತಲೆಯಾಡಿಸಿ, "ಮಾಸ್ಟ್ರೇ, ನೀವು ಹೇಳಿದ್ದು ಸರಿ. ಆದರೆ ಹುಡುಗನ ಪಕ್ಕದಲ್ಲಿ ಕೂತು ಒಂದು ಸಲ ಹೋಗಿ ನೋಡದೆ ನಾನು ಹ್ಞೂಂ ಅನ್ನುವುದಿಲ್ಲ" ಎಂದರು.

ಮುಂದಿನ ಶನಿವಾರ ಅವರು ಸಂತೆಯ ನೆಪದಲ್ಲಿ ಮೂಡುಬಿದಿರೆಗೆ ಬಂದು ನನ್ನ ಜೊತೆ ಲಾರಿ ಹತ್ತಿದರು. ವೇಣೂರಿಗೆ ಹೋಗಿ, ಅಲ್ಲಿ ಹೆಣ್ಣು ನೋಡುವ ಏರ್ಪಾಡು. ಸಂಜೀವ ಇಸ್ತ್ರಿ ಹಾಕಿದ ಅಂಗಿ ತೊಟ್ಟಿದ್ದ. ಕ್ಯಾಬಿನಿನಲ್ಲಿ ಮೂವರು, ನಡುವೆ ನಾನು. ಸಂಜೀವ ಎಷ್ಟು ನಿಧಾನ ಓಡಿಸಿದನೆಂದರೆ ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋದ. ಪೂಜಾರಿಯವರ ಮುಖದಲ್ಲಿ ಸಮಾಧಾನ ಕಂಡಿತು. ನನಗೂ ಅರ್ಧ ಮದುವೆ ಆದ ಹಾಗಾಯಿತು.

ವೇಣೂರಿನ ಹೊಳೆಯ ಕಡೆಗೆ ರಸ್ತೆ ಇಳಿಯುವಲ್ಲಿ ಸಂಜೀವನ ಕೈ ಅಭ್ಯಾಸಬಲದಿಂದ ಎಂಜಿನ್ ಬಂದ್ ಮಾಡಿತು. ಲಾರಿ ಸದ್ದಿಲ್ಲದೆ ಇಳಿಯಿತು, ತಗ್ಗಿನಲ್ಲಿ ತೆವಳಿತು, ಇನ್ನೇನು ನಿಲ್ಲಬೇಕು. ಅಷ್ಟರಲ್ಲಿ ಪೂಜಾರಿಯವರು ಬಾಗಿಲು ತೆರೆದು ಕೆಳಗೆ ಹಾರಿ, ಪಂಚೆ ಎತ್ತಿ ಕಟ್ಟಿ, "ಇಳಿಯಿರಿ ಮಾಸ್ಟ್ರೇ, ದೂಡುವ!" ಎಂದು ಕೂಗಿದರು.

ಅವರದ್ದು ತಪ್ಪಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ನಮ್ಮ ಬಸ್ಸುಗಳೆಲ್ಲ ಇದ್ದಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಎಂಜಿನ್ ಸುಮ್ಮನಾಯಿತೆಂದರೆ ಪ್ರಯಾಣಿಕರು ಯಾರೂ ಹೇಳದೆ ಇಳಿದು ಬೆನ್ನು ಕೊಡುತ್ತಿದ್ದರು. ಆ ತಲೆಮಾರಿನವರಿಗೆ ಅದು ದೇವರಿಗೆ ಕೈ ಮುಗಿದಷ್ಟೇ ಸಹಜ. ಹಿರಿಯರು ದೂಡುವಾಗ ನಾನು ಕೂತಿರುವುದು ಹೇಗೆ? ನಾನೂ ಇಳಿದೆ. ಖಾಲಿ ಲಾರಿ, ಓಟವೂ ಪೂರ್ತಿ ನಿಂತಿರಲಿಲ್ಲ. ಇಬ್ಬರ ಬಲಕ್ಕೆ ಅದು ಹೊರಟೇಬಿಟ್ಟಿತು. ಸಂಜೀವ ನಮ್ಮನ್ನು ತಡೆಯಬೇಕಿತ್ತು. ಎಂಜಿನಿಗೆ ಏನೂ ಆಗಿಲ್ಲ ಎನ್ನಲು ಅವನಿಗೆ ನಾಚಿಕೆಯಾಯಿತಂತೆ. ಅದು ಅವನು ಆಮೇಲೆ ಹೇಳಿದ ಕಾರಣ. ಪುಕ್ಕಟೆ ಓಡುವ ಲಾರಿಯನ್ನು ನಿಲ್ಲಿಸಲು ಅವನಿಗೆ ಮನಸ್ಸು ಬರಲಿಲ್ಲ ಎಂಬುದು ನನ್ನ ಗುಮಾನಿ.

ಹೊಳೆ ದಾಟುವ ಸಂಕದ ಬಳಿ ಎದುರಿನಿಂದ ಬಸ್ಸು ಬಂತು. ಬದಿಗೆ ಸರಿಯದೆ ಗತಿಯಿರಲಿಲ್ಲ. ಸಂಜೀವ ಸ್ಟಾರ್ಟರ್ ಒತ್ತಿದ. ಎಂಜಿನ್ ಒಂದೇ ಏಟಿಗೆ ಘರ್ರೆಂದು ಎದ್ದಿತು.

ಪೂಜಾರಿಯವರು ಬೆವರು ಒರೆಸುತ್ತ ಮುಂದೆ ಬಂದರು. "ಇದು ಮೊದಲೇ ಸರಿ ಇತ್ತಾ?"

"ಇತ್ತು" ಎಂದ ಸಂಜೀವ, ಸ್ಟೇರಿಂಗನ್ನೇ ನೋಡುತ್ತ.

"ಮತ್ತೆ ನಾನು ದೂಡಿದ್ದು ಯಾಕೆ ಮಾರಾಯ?"

"ನೀವಾಗಿ ಇಳಿದಿರಿ. ದೊಡ್ಡವರಿಗೆ ಬೇಡ ಅನ್ನುವುದು ಹೇಗೆ?"

ಪೂಜಾರಿಯವರು ಎತ್ತಿ ಕಟ್ಟಿದ ಪಂಚೆಯನ್ನು ರಪ್ಪನೆ ಇಳಿಸಿ ಲಾರಿ ಹತ್ತಿದರು. ಈ ನಾಲ್ಕನೆಯ ಸಂಬಂಧವೂ ಹೊಳೆಯ ಪಾಲಾಯಿತೆಂದು ನನಗೆ ಖಾತ್ರಿಯಾಯಿತು. ಸಂಜೀವನ ಮುಖ ನೋಡಲಾಗಲಿಲ್ಲ. ಇಸ್ತ್ರಿಯ ಅಂಗಿ ಆಗಲೇ ಮುದ್ದೆಯಾಗಿತ್ತು.

ಮನೆಯ ಜಗಲಿಯಲ್ಲಿ ಬೆಲ್ಲ ನೀರು ಕೊಟ್ಟರು. ಪೂಜಾರಿಯವರು ಮಾತ್ರ ನೇರ ಒಳಗೆ ಹೋಗಿ, ನಡೆದದ್ದನ್ನೆಲ್ಲ ತಂಗಿಗೆ ದೊಡ್ಡ ಗಂಟಲಿನಲ್ಲಿ ಹೇಳತೊಡಗಿದರು. ಮೊದಲು ಒಂದು ಕಿಸಕ್ಕನೆಯ ನಗು ಕೇಳಿತು. ಆಮೇಲೆ ಮನೆಯಿಡೀ ನಕ್ಕಿತು. ಹೊರಗೆ ಬಂದ ಪೂಜಾರಿಯವರು ನಗುವವರ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಂಡರು. "ನೋಡಿ ಮಾಸ್ಟ್ರೇ, ಡ್ರೈವರ ಅಂದರೆ ಹಾರಿಸುವವ ಅಂತ ನನಗೆ ಹೆದರಿಕೆ ಇತ್ತು. ಇವನು ಹಾಗೆ ಅಲ್ಲ, ಒಪ್ಪಿದೆ. ಆದರೆ ಇವನಿಗೆ ಕೊಟ್ಟರೆ ನಮ್ಮ ಹುಡುಗಿ ಜೀವಮಾನ ಇಡೀ ದೂಡ್ತಾ ಇರಬೇಕಾದೀತು."

ಅಷ್ಟರಲ್ಲಿ ಗಿರಿಜ ಬಾಗಿಲ ಬಳಿ ಬಂದು ನಿಂತಳು. ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ. ನನ್ನನ್ನು ನೋಡಿಯೇ ಕೇಳಿದಳು: "ಮಾಸ್ಟ್ರೇ, ಇವರು ಮನೆಗೆ ಬರುವಾಗಲೂ ಎಂಜಿನ್ ಬಂದ್ ಮಾಡಿಯೇ ಬರುವುದಾ?"

ಸಂಜೀವನೇ ಬಾಯಿಬಿಟ್ಟ. "ಇಷ್ಟರವರೆಗೆ ಮನೆಯಲ್ಲಿ ಕಾಯುವವರು ಯಾರೂ ಇರಲಿಲ್ಲ" ಎಂದ.

ಯಾರೂ ನಗಲಿಲ್ಲ. ಪೂಜಾರಿಯವರು ಕೆಮ್ಮಿ, "ಎಲೆ ಅಡಿಕೆ ತಾ" ಎಂದು ಒಳಗೆ ಕೂಗಿದರು. ಎಲೆ ಅಡಿಕೆ ಕೈ ಬದಲಾಯಿತು, ಸಂಬಂಧ ಗಟ್ಟಿಯಾಯಿತು.

ಮದುವೆಯಾಗಿ ಕೆಲವು ತಿಂಗಳಾದ ಮೇಲೆ ಹಸನಬ್ಬ ಸಾಹುಕಾರರು ಬಂಟ್ವಾಳ ಪೇಟೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದರು. "ಸಂಜೀವನಿಗೆ ಏನಾಗಿದೆ ಮಾಸ್ಟ್ರೇ? ಹೋಗುವಾಗ ಉಳಿಸಿದ್ದನ್ನೆಲ್ಲ ಬರುವಾಗ ಸುಟ್ಟು ಹಾಕ್ತಾನೆ. ಸಂಜೆ ವಿಕ್ಟರನನ್ನೇ ಹಿಂದೆ ಹಾಕಿ ಬರ್ತಾನಂತೆ. ಸಂಬಳ ಮುರಿದರೆ ನಗ್ತಾನೆ. ಟ್ಯಾಂಕಿ ಸೋರ್ತದಾ ಅಂತ ಎರಡು ಸಲ ಬಿಚ್ಚಿ ನೋಡಿಸಿದೆ."

"ಟ್ಯಾಂಕಿ ಸರಿ ಉಂಟು ಸಾಹುಕಾರ್ರೇ. ಮದುವೆ ಆಗಿದೆ" ಎಂದೆ.

ಸಾಹುಕಾರರು ಗಡ್ಡ ನೀವಿಕೊಂಡು ಯೋಚಿಸಿದರು. ಅವರು ನಾಲ್ಕು ಪೇಟೆಗಳಲ್ಲಿ ವ್ಯಾಪಾರ ಮಾಡಿದವರು, ಲೋಕ ಕಂಡವರು. "ಹಾಗಾದರೆ ಒಂದು ವರ್ಷ ಅವನಿಗೆ ಟ್ರಿಪ್ಪಿಗೆ ಅರ್ಧ ಗ್ಯಾಲನ್ ಹೆಚ್ಚು ಕೊಡುವ. ಮತ್ತೆ ಅವನಾಗಿಯೇ ನಿಧಾನ ಆಗ್ತಾನೆ" ಎಂದರು.

ಆ ಅರ್ಧ ಗ್ಯಾಲನ್ನನ್ನು ಅವರು ಲಾರಿ ಮಾರುವವರೆಗೂ ಕೊಡಬೇಕಾಯಿತು. ಸಾಹುಕಾರರ ಲೆಕ್ಕ ತಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ.